ಕಾಲರ್‌ಬೋನ್ ಪ್ಲೇಟ್: ಮೇಲೆಯೋ, ಮುಂಭಾಗದ ಕೆಳಗೋ?

ಕಾಲರ್‌ಬೋನ್, ಅಂದರೆ ಎದೆಮೂಳೆಯಿಂದ ಹೆಗಲಿಗೆ ಚಾಚಿದ ಮೂಳೆ, ಮುರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತುಂಡುಗಳು ಹೆಚ್ಚು ಸರಿಯದಿದ್ದರೆ ತೋಳನ್ನು ಜೋಲಿಯಲ್ಲಿರಿಸಿ ಕೆಲವು ವಾರ ಕಾದರೆ ಸಾಕು, ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ತುಂಡುಗಳು ಒಂದನ್ನೊಂದು ಏರಿ ಮೂಳೆ ಗಿಡ್ಡವಾದಾಗ, ಅಥವಾ ನಡುವೆ ಚೂರುಚೂರಾದಾಗ, ಪ್ಲೇಟ್ (ತುಂಡುಗಳನ್ನು ಸ್ಕ್ರೂಗಳಿಂದ ಬಿಗಿದು ಹಿಡಿಯುವ ಲೋಹದ ಪಟ್ಟಿ) ಹಾಕುವ ಮಾತು ಬರುತ್ತದೆ. ಕೆನಡಾದ ಮೂಳೆತಜ್ಞರು 132 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ತಿಯಾಗಿ ಸರಿದ ನಡುಭಾಗದ ಮುರಿತಗಳಿಗೆ ಪ್ಲೇಟ್ ಹಾಕಿಸಿಕೊಂಡವರಲ್ಲಿ ಮೂಳೆ ಕೂಡದೆ ಉಳಿದ ಪ್ರಸಂಗಗಳು ಕಡಿಮೆಯಿದ್ದವು. ಆ ಬಳಿಕ ಈ ಚಿಕಿತ್ಸೆ ಹೆಚ್ಚು ಬಳಕೆಗೆ ಬಂದಿತು. ಆದರೆ ಪ್ಲೇಟನ್ನು ಮೂಳೆಯ ಯಾವ ಮೈಗೆ ಕೂರಿಸಬೇಕೆಂಬ ಪ್ರಶ್ನೆಯನ್ನು ರೋಗಿಗಳು ಕೇಳುವುದು ಅಪರೂಪ. ಮುಂದಿನ ವರ್ಷಗಳ ಸುಖ ಇದನ್ನೂ ಅವಲಂಬಿಸಿರುವುದರಿಂದ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮೇಲ್ಮೈಗೆ ಪ್ಲೇಟ್ ಕೂರಿಸುವುದು ಹಳೆಯ, ಸರಳ ಕ್ರಮ. ತೋಳಿನ ಭಾರ ಮೂಳೆಯ ಹೊರತುದಿಯನ್ನು ಕೆಳಗೆ ಜಗ್ಗುವಾಗ ಮೇಲ್ಮೈ ಹಿಗ್ಗುವ ಕಡೆಯಾಗುತ್ತದೆ; ಅಲ್ಲಿರುವ ಪ್ಲೇಟ್ ಆ ಎಳೆತವನ್ನು ತಡೆಯುತ್ತದೆ. ಸ್ನಾಯುಗಳನ್ನೂ ಹೆಚ್ಚು ಬಿಡಿಸಬೇಕಿಲ್ಲ. ತೊಂದರೆಯಿರುವುದು ಡ್ರಿಲ್ಲಿನ ದಿಕ್ಕಿನಲ್ಲಿ. ಮೇಲಿನಿಂದ ಕೆಳಕ್ಕೆ ಕೊರೆಯುವಾಗ, ಮೂಳೆಯ ಆಚೆ ಬದಿಯನ್ನು ದಾಟಿದ ತುದಿ ಕಾಲರ್‌ಬೋನಿನ ಅಡಿಯಲ್ಲಿ ಹಾಯುವ ದೊಡ್ಡ ಸಬ್‌ಕ್ಲೇವಿಯನ್ ರಕ್ತನಾಳಗಳತ್ತ, ಶ್ವಾಸಕೋಶದ ತುದಿಯತ್ತ ಸಾಗುತ್ತದೆ. ಅಂತಹ ಗಾಯಗಳು ವಿರಳ, ಆದರೆ ಒಂದೇ ಒಂದಾದರೂ ಪ್ರಾಣಕ್ಕೆ ಕುತ್ತು.

ಮುಂಭಾಗದ ಕೆಳಬದಿಗೆ ಪ್ಲೇಟ್ ಇಟ್ಟರೆ, ನಡುಭಾಗದಲ್ಲಿ ಸ್ಕ್ರೂಗಳು ಹಿಂದಕ್ಕೂ ತುಸು ಮೇಲಕ್ಕೂ ಹೋಗುವುದರಿಂದ ಈ ಅಪಾಯ ತಗ್ಗುತ್ತದೆ. ಹೊರತುದಿಯತ್ತ ಚಪ್ಪಟೆಯಾಗುವ ಮೂಳೆ ಮೇಲಿನಿಂದ ಕೆಳಕ್ಕಿಂತ ಮುಂದಿನಿಂದ ಹಿಂದಕ್ಕೆ ಅಗಲವಾಗಿರುವುದರಿಂದ ಅಲ್ಲಿ ಉದ್ದನೆಯ ಸ್ಕ್ರೂಗಳಿಗೂ ಎಡೆ ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಹೆಗಲಿನ ಡೆಲ್ಟಾಯ್ಡ್ ಸ್ನಾಯು ಮತ್ತು ಎದೆಯ ದೊಡ್ಡ ಸ್ನಾಯುವಿನ ಬುಡವನ್ನು ಸ್ವಲ್ಪ ಬಿಡಿಸಬೇಕು, ಎಸ್ ಆಕಾರದ ಮೂಳೆಗೆ ಹೊಂದುವಂತೆ ಪ್ಲೇಟನ್ನು ಎಚ್ಚರದಿಂದ ಬಾಗಿಸಬೇಕು.

ಎರಡರಲ್ಲಿ ಯಾವುದು ಗಟ್ಟಿ ಎಂಬ ಪ್ರಶ್ನೆಗೆ ಪ್ರಯೋಗಾಲಯದ ಪರೀಕ್ಷೆಗಳು ಒಂದೇ ಉತ್ತರ ಕೊಟ್ಟಿಲ್ಲ. ಭಾರ ಹಾಕುವ ರೀತಿ, ಮುರಿತದಲ್ಲಿ ಉಳಿಯುವ ಕಂಡಿ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ರೋಗಿಗಳಲ್ಲಿ ಮಾತ್ರ ಮೂಳೆ ಕೂಡುವ ಪ್ರಮಾಣದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡಿಲ್ಲ. ಹೀಗಿರುವಾಗ ನನಗೆ ಮುಖ್ಯವಾಗಿ ತೋರುವುದು ಚರ್ಮ. ಕಾಲರ್‌ಬೋನಿನ ಮೇಲೆ ಮಾಂಸದ ಹೊದಿಕೆ ಇಲ್ಲವೆನ್ನುವಷ್ಟು ಕಡಿಮೆ. ತೆಳ್ಳಗಿನವರಲ್ಲಿ ಮೇಲಿನ ಪ್ಲೇಟ್ ಕಣ್ಣಿಗೆ ಕಾಣುತ್ತದೆ, ಬೆನ್ನುಚೀಲದ ಪಟ್ಟಿ ಅಥವಾ ಸೀಟ್‌ಬೆಲ್ಟ್ ತಗುಲಿದಾಗ ಒತ್ತುತ್ತದೆ, ಕೊನೆಗೆ ಅದನ್ನು ತೆಗೆಸಲು ಮತ್ತೊಮ್ಮೆ ಅರಿವಳಿಕೆ ಪಡೆಯಬೇಕಾಗಬಹುದು. ಸ್ನಾಯುವಿನ ಮರೆಯಲ್ಲಿ ಕೂತ ಮುಂಭಾಗದ ಪ್ಲೇಟ್ ಇಷ್ಟು ಕಾಡುವುದಿಲ್ಲ. ಗಾಯದ ಕೆಳಗೆ ಎದೆಯ ಚರ್ಮ ಜೋಮು ಹಿಡಿಯುವುದು ಮಾತ್ರ ಎರಡರಲ್ಲೂ ಆಗಬಹುದು, ಏಕೆಂದರೆ ಅಲ್ಲಿ ಹಾದುಹೋಗುವ ಸಣ್ಣ ನರಗಳು ಸೀಳಿಕೆಯ ದಾರಿಯಲ್ಲೇ ಇವೆ.

ಆದ್ದರಿಂದ ಮೈಯಲ್ಲಿ ಕೊಬ್ಬು ಕಡಿಮೆಯಿರುವ, ಹೆಗಲ ಮೇಲೆ ಭಾರ ಹೊರುವವರ ನಡುಭಾಗದ ಮುರಿತಕ್ಕೆ ನನ್ನ ಒಲವು ಮುಂಭಾಗದ ಪ್ಲೇಟಿನ ಕಡೆಗೆ. ಎದೆಮೂಳೆಗೆ ಹತ್ತಿರದ ಮುರಿತಗಳಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ: ಅಲ್ಲಿ ದೊಡ್ಡ ಅಭಿಧಮನಿ ಮೂಳೆಯ ನೇರ ಹಿಂದೆಯೇ ಇರುವುದರಿಂದ, ಮುಂದಿನಿಂದ ಹಿಂದಕ್ಕೆ ಕೊರೆಯುವುದೇ ಹೆಚ್ಚು ಅಪಾಯಕರ.