ಹೊಗೆಯಿಲ್ಲದ ಕೆಂಡ

ಹ್ಯೂಸ್ಟನ್‌ನಲ್ಲಿ ಚಳಿಯ ಪಾಠ ಹೇಳುತ್ತೇನೆಂದರೆ ಮೂಡಿಗೆರೆಯ ನೆಂಟರು ನಗುತ್ತಾರೆ. ವರ್ಷದ ಬಹುಪಾಲು ಬೆವರಿಳಿಸುವ ಊರು ಇದು. ತೊಂದರೆಯೂ ಅದರಿಂದಲೇ. ಇಲ್ಲಿನ ಮನೆಗಳನ್ನು ಸೆಕೆಗೆಂದು ಕಟ್ಟಿದ್ದಾರೆ, ಹೆಚ್ಚಿನವಕ್ಕೆ ಕರೆಂಟೇ ಆಧಾರ. 2021ರ ಫೆಬ್ರುವರಿಯಲ್ಲಿ ಈ ಊರಿನ ತಾಪಮಾನ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿಳಿಯಿತು. ಟೆಕ್ಸಸ್ ರಾಜ್ಯದಲ್ಲಿ ಸುಮಾರು 45 ಲಕ್ಷ ಮನೆ, ಅಂಗಡಿಗಳು ಕತ್ತಲಾದವು. ರಾಜ್ಯ ಸರ್ಕಾರದ ಲೆಕ್ಕದಲ್ಲಿ ಸತ್ತವರು 246 ಮಂದಿ. ಅವರಲ್ಲಿ 161 ಜನರನ್ನು ಕೊಂದದ್ದು ಚಳಿ. 19 ಜನ ಸತ್ತದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದಿಂದ. ಆ ದಿನಗಳಲ್ಲಿ ಬೆಚ್ಚಗಾಗಲು ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕುಳಿತವರಿದ್ದರು, ಮಾಂಸ ಸುಡುವ ಇದ್ದಿಲೊಲೆಯನ್ನು ನಡುಮನೆಗೆ ತಂದವರಿದ್ದರು.

ನಾವು ಕೆಲವರು ಚಳಿಗಾಲಕ್ಕೆ ಮೊದಲು ಒಂದು ಸಭಾಂಗಣದಲ್ಲಿ ಜನರನ್ನು ಸೇರಿಸುತ್ತೇವೆ. ಒಂಟಿಯಾಗಿರುವ ಮುದುಕರು, ಈಚೆಗೆ ವಲಸೆ ಬಂದ ಬಡ ಕುಟುಂಬಗಳು, ಮೊಮ್ಮಕ್ಕಳನ್ನು ನೋಡಲು ಬಂದ ನಮ್ಮ ಕಡೆಯ ತಂದೆ ತಾಯಿಯರು ಬರುತ್ತಾರೆ. ಕೊಳ್ಳುವ ಪಟ್ಟಿಯನ್ನು ನಾನು ಮೊದಲು ತೆಗೆಯುವುದೇ ಇಲ್ಲ. ಕರೆಂಟ್ ಹೋದರೆ ಇಡೀ ಮನೆಯ ಆಸೆ ಬಿಟ್ಟು ಒಂದೇ ಸಣ್ಣ ಕೋಣೆ ಸೇರಿಕೊಳ್ಳಿ ಎನ್ನುತ್ತೇನೆ. ಕಿಟಕಿಗೆ ರಗ್ಗು ಇಳಿಬಿಡಿ, ಬಾಗಿಲ ಸಂದಿಗೆ ಟವೆಲ್ ಸುತ್ತಿ ಒತ್ತಿ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. ಐದು ಜನ ಒಟ್ಟಿಗಿದ್ದರೆ ಒಂದು ಪುಟ್ಟ ಹೀಟರ್ ಇದ್ದಂತೆ. ತಲೆಗೊಂದಕ್ಕೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು ಹಿಡಿದಿಡಿ, ಬೇಯಿಸದೆ ತಿನ್ನುವ ಪದಾರ್ಥ ಇಟ್ಟುಕೊಳ್ಳಿ. ಹೂಕುಂಡದ ಕೆಳಗೆ ಮೇಣದಬತ್ತಿ ಹಚ್ಚಿ ಕೋಣೆ ಕಾಯಿಸುವ ವಿಡಿಯೋಗಳನ್ನು ಕಂಡರೆ ನನಗೆ ಆಗುವುದಿಲ್ಲ. ಕುಂಡ ಹೊಸದಾಗಿ ಶಾಖ ಹುಟ್ಟಿಸುವುದಿಲ್ಲ, ಬೆಂಕಿ ಹತ್ತಿಕೊಳ್ಳುವ ಭಯ ಮಾತ್ರ ಉಳಿಯುತ್ತದೆ.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಊರಿಗೆ ಬಂದಿದ್ದಾಗ ಚಿಕ್ಕಮ್ಮ, "ಅಲ್ಲಿಯವರಿಗೆ ಹೇಳುವುದನ್ನು ನಮ್ಮ ಲೈನಿನವರಿಗೂ ಹೇಳು" ಎಂದರು. ಲೈನ್ ಎಂದರೆ ಕಾಫಿ ತೋಟದ ಕೆಲಸದವರು ಇರುವ ಸಾಲುಮನೆಗಳು. ಮಲೆನಾಡಿನ ಚಳಿ ಅಮೆರಿಕದ ಹಿಮವಲ್ಲ ನಿಜ. ಆದರೆ ಲೈನ್ ಮನೆಯ ಸಿಮೆಂಟ್ ನೆಲ, ತಗಡಿನ ಮಾಡು, ಹಗಲೆಲ್ಲ ಇಬ್ಬನಿಯ ಗಿಡಗಳ ನಡುವೆ ಹಣ್ಣು ಕೊಯ್ದು ಒದ್ದೆಯಾದ ಬಟ್ಟೆ, ಇಷ್ಟು ಸೇರಿದರೆ ರಾತ್ರಿ ಕಳೆಯುವುದು ಸುಲಭವಲ್ಲ. ಅಂಗಳದಲ್ಲಿ ಹದಿನೈದಿಪ್ಪತ್ತು ಜನ ಕುಳಿತರು. ಮಲಗುವಾಗ ಬಾಂಡಲಿಯಲ್ಲಿ ಕೆಂಡ ತುಂಬಿ ಒಳಗಿಟ್ಟು ಬಾಗಿಲು ಹಾಕುತ್ತೀರಾ ಎಂದು ಕೇಳಿದೆ. ಹೆಚ್ಚಿನವರು ಹೌದೆಂದು ತಲೆಯಾಡಿಸಿದರು.

"ಹೊಗೆಯೆಲ್ಲ ಹೋದ ಮೇಲೆಯೇ ಒಳಗೆ ತರುವುದಮ್ಮ" ಎಂದರು ಹಿರಿಯ ಹೆಂಗಸೊಬ್ಬರು.

"ಮೋಸ ಇರುವುದೇ ಅಲ್ಲಿ, ಅಜ್ಜಿ" ಎಂದೆ. ಹೊಗೆಯಾದರೆ ಕಣ್ಣುರಿದು ಎದ್ದು ಓಡುತ್ತೇವೆ. ಕೆಂಪಗೆ ಕಾದ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗವನ್ನು ಅದು ಇನ್ನೂರು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಪಿತ್ತವೆಂದು ಹೊದ್ದು ಮಲಗಿದವರು ಬೆಳಿಗ್ಗೆ ಏಳದೇ ಇರಬಹುದು. ಹಾಗೆ ಅನ್ನಿಸಿದ ಕೂಡಲೇ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತಂದು ಆಸ್ಪತ್ರೆಗೆ ಹೋಗಬೇಕು.

"ಹಾಗಾದರೆ ಮಗುವಿಗೆ ಏನು ಮಾಡುವುದು?" ಬಾಣಂತಿಯೊಬ್ಬಳು ಕೇಳಿದಳು. ಬೇಡವೆಂದಷ್ಟೇ ಹೇಳಿ ಎದ್ದುಬರುವುದು ಪಾಠವಾಗುವುದಿಲ್ಲ. ಬೆಂಕಿ ಜಗುಲಿಯಲ್ಲಿರಲಿ, ಕಾಯಿಸಿಕೊಂಡು ಒಳಗೆ ಬನ್ನಿ ಎಂದೆವು. ನೆಲಕ್ಕೆ ಒಣಗಿದ ಗೋಣಿಚೀಲ ಎರಡು ಪದರ ಹಾಸಿ, ಮೇಲೆ ಚಾಪೆ. ಮೈಯ ಕಾವನ್ನು ಕದಿಯುವುದರಲ್ಲಿ ನೆಲ ಗಾಳಿಗಿಂತ ಕಡಿಮೆಯೇನಲ್ಲ. ಮಲಗುವ ಮುಂಚೆ ಒದ್ದೆ ಬಟ್ಟೆ ಬದಲಿಸಿ. ದೊಡ್ಡವರು ಹಂಡೆಯ ಬಿಸಿನೀರನ್ನು ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಬಹುದು. ಮಗುವಿನ ಹಾಸಿಗೆಯನ್ನು ಅದರಿಂದ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವ ಮುಂಚೆ ತೆಗೆದುಬಿಡಬೇಕು.

ಗೋಣಿಚೀಲವನ್ನು ಚಿಕ್ಕಮ್ಮ ಅಂದೇ ಹಂಚಿಸಿದರು. ಮನೆಗೊಂದು ಉಣ್ಣೆಯ ಕಂಬಳಿಯ ಮಾತನ್ನು ಚಿಕ್ಕಪ್ಪನ ಮುಂದೆ ಎತ್ತಿದ್ದೇನೆ. ಕಾಫಿ ದರ ನೋಡಿಕೊಂಡು ಹೇಳುತ್ತೇನೆ ಎಂದಿದ್ದಾರೆ. ದರವನ್ನು ನಾನೂ ಇಲ್ಲಿಂದಲೇ ಮೊಬೈಲಿನಲ್ಲಿ ನೋಡುತ್ತಿರುತ್ತೇನೆಂದು ಅವರಿಗೆ ಗೊತ್ತಿಲ್ಲ.