ನ್ಯಾನೋಗ್ ಆನ್ ಮಾಡಿಕೊಂಡರೆ ವಯಸ್ಸೇ ಆಗಲ್ವಾ?

ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಎಳೆಯ ಕೋಶ) ಲ್ಯಾಬಿನಲ್ಲಿ ಕೆಲಸ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: ನ್ಯಾನೋಗ್ ಎಂಬ ಜೀನನ್ನು ಆನ್ ಮಾಡಿಕೊಂಡರೆ ಮುಪ್ಪು ಬರದೇ ಇರುತ್ತದಾ? ಉತ್ತರ: ಇಲ್ಲ, ವಯಸ್ಸು ಆಗಿಯೇ ಆಗುತ್ತದೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಅರ್ಧ ತಪ್ಪು ಹೆಸರಿನದು. 2003ರಲ್ಲಿ ಎಡಿನ್‌ಬರೋದ ಇಯನ್ ಚೇಂಬರ್ಸ್ ಮತ್ತು ಆಸ್ಟಿನ್ ಸ್ಮಿತ್ ಅವರ ತಂಡ, ಜಪಾನಿನಲ್ಲಿ ಶಿನ್ಯಾ ಯಮನಾಕ ಅವರ ತಂಡ, ಇಲಿಯ ಭ್ರೂಣದ ಕೋಶಗಳಲ್ಲಿ ಈ ಜೀನನ್ನು ಗುರುತಿಸಿದವು. ಹೆಸರು ಬಂದದ್ದು ಐರಿಷ್ ಕಥೆಗಳ ‘ಟೀರ್ ನ ನೋಗ್’ನಿಂದ. ಮುಪ್ಪೇ ಬಾರದ ನಾಡು ಅದು. ಇಂಥ ಹೆಸರಿಟ್ಟರೆ ಜನ ಕೇಳದೇ ಇರ್ತಾರಾ?

ಒಮ್ಮೆ ಒಬ್ಬ ಹಿರಿಯರು ಮಂಡಿ ನೀವಿಕೊಳ್ಳುತ್ತಾ, “ಇದಕ್ಕೆ ಆ ಜೀನಿನ ಇಂಜೆಕ್ಷನ್ ಒಂದು ಹಾಕಿಬಿಡಮ್ಮ” ಎಂದರು. ಯಾರೋ ಅವರಿಗೆ ಹಾಗೆ ನಂಬಿಸಿ ದುಡ್ಡನ್ನೂ ಕೇಳಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ಹಾಗೆ ನಂಬಿಸಿದವರ ಮೇಲೆ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮನುಷ್ಯರಲ್ಲಿ ಈ ಜೀನ್ 12ನೇ ಕ್ರೋಮೋಸೋಮಿನಲ್ಲಿದೆ. ಅದರಿಂದ ಆಗುವ ಪ್ರೋಟೀನಿನಲ್ಲಿ 305 ಅಮೈನೋ ಆಮ್ಲಗಳಿವೆ. ಆಕ್ಟ್4, ಸಾಕ್ಸ್2 ಎಂಬ ಜೊತೆಗಾರ ಪ್ರೋಟೀನುಗಳೊಂದಿಗೆ ಅದು ಡಿಎನ್‌ಎಗೆ ಅಂಟಿಕೊಂಡು, ಭ್ರೂಣದ ಕೋಶ ನರವೋ ಮೂಳೆಯೋ ಆಗಲು ಹೊರಡದಂತೆ ಹಿಡಿದಿಡುತ್ತದೆ. ಮಂಡಿಗೆ ಬೇಕಾದದ್ದು ಮೃದ್ವಸ್ಥಿ (ಕಾರ್ಟಿಲೇಜ್). ಅಲ್ಲಿ ಇದನ್ನು ಎಬ್ಬಿಸಿದರೆ ಮೂಳೆಯೂ ಮೃದ್ವಸ್ಥಿಯೂ ಆಗದೆ ಹಾಗೇ ಉಳಿಯುವ ಕೋಶಗಳನ್ನು ಕರೆದಂತೆ. ಎದ್ದರೆ ಒಳ್ಳೆಯದೇ ಅಂತಲೂ ಅಲ್ಲ: ವೃಷಣದ ಕೆಲವು ಕ್ಯಾನ್ಸರ್ ಗೆಡ್ಡೆಗಳಲ್ಲಿ ಇದು ಎದ್ದು ಕೂತಿರುತ್ತದೆ. ರೋಗ ಪತ್ತೆ ಮಾಡುವವರು ಅದನ್ನೇ ಗುರುತಾಗಿ ನೋಡುತ್ತಾರೆ.

ನನ್ನನ್ನು ಕೇಳಬೇಕಾದ್ದು ಬೇರೆ: ನ್ಯಾನೋಗ್ ಆರುವುದು, ಅಂದರೆ ಆಫ್ ಆಗುವುದು, ಹೇಗೆ? ಮೈ ಕಟ್ಟುವುದೇ ಅದು ಆರಿದ ಮೇಲೆ ಅಲ್ವಾ! 2007ರಲ್ಲಿ ಎಡಿನ್‌ಬರೋದ ತಂಡವೇ ತೋರಿಸಿತು: ಇಲಿಯ ಸ್ಟೆಮ್ ಸೆಲ್‌ಗಳಲ್ಲಿ ನ್ಯಾನೋಗ್ ಏರುತ್ತಾ ಇಳಿಯುತ್ತಾ ಇರುತ್ತದೆ. ಇಳಿದ ಕೋಶ ಮತ್ತೆ ಏರಲೂಬಹುದು. ಪೂರ್ತಿ ತೆಗೆದುಹಾಕಿದರೂ ಕೋಶ ತನ್ನಂಥದ್ದನ್ನೇ ಹುಟ್ಟಿಸುತ್ತಿರುತ್ತದೆ, ಆದರೆ ಬೇರೆ ಬಗೆಯ ಕೋಶವಾಗಿ ಜಾರಿಹೋಗುವುದು ಜಾಸ್ತಿ. ನ್ಯಾನೋಗ್ ಇಳಿದ ಹೊತ್ತಿನಲ್ಲಿ ಒಂದು ಕೋಶ ಹಾಗೆ ಹೊರಟುಬಿಡುತ್ತದೆ, ಪಕ್ಕದ್ದು ವಾಪಸ್ ಬರುತ್ತದೆ. ಯಾಕೆ? ಇದನ್ನು ಯಾರಾದರೂ ಕೇಳಿದರೆ ರಾತ್ರಿಯೆಲ್ಲ ಕೂತು ಮಾತಾಡುತ್ತೇನೆ.

ಮೈಕ್ರೋಸ್ಕೋಪಿನಲ್ಲಿ ಮನುಷ್ಯರ ಸ್ಟೆಮ್ ಸೆಲ್‌ಗಳು ಒತ್ತೊತ್ತಾಗಿ ಕೂತ ಗುಂಪು. ಒಂದೊಂದರಲ್ಲೂ ದೊಡ್ಡ ನ್ಯೂಕ್ಲಿಯಸ್. ಬಣ್ಣ ಹಾಕಿದರೆ ನ್ಯಾನೋಗ್ ಇರುವ ಕಡೆಯೆಲ್ಲ ಹಸಿರು. ನನ್ನ ತಟ್ಟೆಗಳಲ್ಲಿ ಕೆಲವು ಸಲ ಅಂಚಿನ ಕೋಶಗಳು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ, ಅಲ್ಲಿ ಹಸಿರು ಮಸುಕು. ನಾಳೆ ಬೆಳಿಗ್ಗೆ ಮೀಡಿಯಾ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಬದಲಿಸುವಾಗಲೂ ಮೊದಲು ನೋಡುವುದು ಆ ಅಂಚನ್ನೇ.