ದೂರ ಕೇಳಿದರೆ ಹೊತ್ತು ಹೇಳಿದೆ

"ಎಷ್ಟು ದೂರವೋ?" ಎಂದು ಅಮ್ಮ ಕೇಳಿದಾಗ ವಿಮಾನ ಇನ್ನೂ ರನ್‌ವೇ ಕಡೆಗೆ ಹೊರಳಿರಲಿಲ್ಲ. "ಹದಿನೆಂಟೂವರೆ ಗಂಟೆ" ಎಂದೆ. ಸೀಟ್ ಬೆಲ್ಟನ್ನು ಎರಡನೆಯ ಸಲ ಎಳೆದು ಪರೀಕ್ಷಿಸುತ್ತಿದ್ದ ಅವರು ತಲೆ ಎತ್ತದೆಯೇ, "ನಾನು ಕೇಳಿದ್ದು ದೂರ, ನೀನು ಹೇಳಿದ್ದು ಹೊತ್ತು" ಎಂದರು. ಸಿಂಗಪುರದಿಂದ ನ್ಯೂಯಾರ್ಕಿಗೆ ಬಂದಿಳಿದು ನಾಲ್ಕು ದಿನಗಳಾದರೂ ಆ ಮಾತು ಕಿವಿಯಿಂದ ಹೋಗಿಲ್ಲ.

ಟಿಕೆಟಿನಲ್ಲಿ ಹೊರಡುವ ವೇಳೆ, ತಲುಪುವ ವೇಳೆ ಇರುತ್ತವೆಯೇ ಹೊರತು ಕಿಲೋಮೀಟರಿನ ಲೆಕ್ಕ ಇರುವುದಿಲ್ಲ. ಇದ್ದರೂ ನಾನು ನೋಡುತ್ತಿರಲಿಲ್ಲ. ಚಾಂಗಿ ಮತ್ತು ಜಾನ್ ಎಫ್. ಕೆನಡಿ ವಿಮಾನ ನಿಲ್ದಾಣಗಳ ನಡುವೆ ಸುಮಾರು 15,300 ಕಿಲೋಮೀಟರ್ ಇದೆ. ಇದು ಭೂಗೋಳಕ್ಕೆ ದಾರ ಬಿಗಿದು ಅಳೆದ ದೂರ, ಮತ್ತು ಆ ದಾರ ಬಹುತೇಕ ಉತ್ತರ ಧ್ರುವದ ಮೇಲೆಯೇ ಹಾದುಹೋಗುತ್ತದೆ.

ಆದರೆ ನಮ್ಮ ವಿಮಾನ ಧ್ರುವದ ಕಡೆ ಮುಖ ಮಾಡಲೇ ಇಲ್ಲ. ಎದುರಿನ ಪರದೆಯಲ್ಲಿ ಅದು ಜಪಾನಿನ ಬಳಿ ಹಾದು ಶಾಂತಸಾಗರದ ಉತ್ತರಕ್ಕೆ ಬಾಗುತ್ತಿದ್ದುದನ್ನು ಅಮ್ಮ ಬೆರಳಿನಿಂದ ಗೀರಿ ತೋರಿಸಿದರು. ಗಾಜಿನ ಮೇಲೆ ಬೆರಳಿನ ಜಿಡ್ಡಿನ ಗೆರೆ ಉಳಿಯಿತು. "ಸುತ್ತು ಹಾಕುತ್ತಿದ್ದಾನಲ್ಲ ಇವನು?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸೀಟಿನ ಮಹನೀಯರು, ಭೂಮಿ ಕೆಳಗೆ ತಿರುಗುವುದರಿಂದ ಪೂರ್ವಕ್ಕೆ ಹೋಗುವಾಗ ಬೇಗ ತಲುಪುತ್ತೇವೆ ಎಂದು ವಿವರಿಸಿದರು. ಅವರ ಧ್ವನಿಯಲ್ಲಿದ್ದ ನಿಶ್ಚಯ ಎಷ್ಟಿತ್ತೆಂದರೆ, ಭೂಮಿ ತಿರುಗುವುದೂ ಪೂರ್ವಕ್ಕೇ, ಅದರೊಂದಿಗೆ ಗಾಳಿಯೂ ತಿರುಗುತ್ತದೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಿಜವಾದ ಕಾರಣ ಜೆಟ್ ಪ್ರವಾಹ: ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಲವಾದ ಗಾಳಿ. ಅದು ಬೆನ್ನಿಗೆ ಸಿಕ್ಕರೆ, ಗಾಳಿಯಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗವಿರುವ ವಿಮಾನ ನೆಲದ ಲೆಕ್ಕದಲ್ಲಿ ಸಾವಿರ ದಾಟುತ್ತದೆ. ನಮ್ಮ ಪರದೆಯೂ ಒಂದು ಹಂತದಲ್ಲಿ 1,080 ತೋರಿಸಿತು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಲು ಶಾಂತಸಾಗರದ ಮೇಲೆ ಹಾರಿಸಿದಾಗ ದಾರಿ ಸುಮಾರು 1,400 ಕಿಲೋಮೀಟರ್ ಉದ್ದವಾಯಿತು, ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹತ್ತಿರದ ದಾರಿ ಒಂದು, ಬೇಗದ ದಾರಿ ಇನ್ನೊಂದು. ಅಮ್ಮ ಬೇರೆ ಬೇರೆ ಮಾಡಿ ಕೇಳಿದ್ದ ಎರಡನ್ನು ನಾನು ಇಷ್ಟು ವರ್ಷ ಒಂದೇ ಎಂದುಕೊಂಡಿದ್ದೆ.

ಇಷ್ಟನ್ನೂ ಅವರಿಗೆ ಹೇಳಿದೆ. ಅರ್ಧಕ್ಕೇ ನಿದ್ದೆ ಹೋದರು.

ನಡುರಾತ್ರಿ ದಾಟಿ ಹೊರಟವರು ಅದೇ ತಾರೀಖಿನ ಬೆಳಗ್ಗೆ ಇಳಿದೆವು. ಗೋಡೆ ಗಡಿಯಾರ ನೋಡಿದ ಅಮ್ಮ, "ಆರೇ ಗಂಟೆ ಹಿಡಿದದ್ದು, ಹದಿನೆಂಟು ಎಂದೆಯಲ್ಲ" ಎಂದು ನಕ್ಕರು. ಉದ್ದಕ್ಕೂ ಪೂರ್ವಕ್ಕೆ ಹಾರಿ ದಿನಾಂಕ ರೇಖೆ ದಾಟಿದ ವಿಷಯವನ್ನು ಆಗ ತೆಗೆಯಲಿಲ್ಲ. ನನ್ನ ಕಾಲುಗಳಿಗಂತೂ ಹದಿನೆಂಟೂವರೆಯೂ ಪೂರ್ತಿ ಲೆಕ್ಕವಿತ್ತು. ಸಾಮಾನಿಗೆ ಕಾಯುತ್ತಿರುವಾಗ ಅಕ್ಕನ ಫೋನ್ ಬಂತು. ತುಂಬಾ ದೂರವಾಯಿತೇನಮ್ಮ ಎಂದು ಅವಳು ಕೇಳಿರಬೇಕು.

"ಹದಿನೆಂಟೂವರೆ ಗಂಟೆ ಕಣೇ" ಎಂದರು ಅಮ್ಮ.